ಪಾವಗಡ ನಲವತ್ತೊಂದು

ಇಲ್ಲ, ಬಾಟಲಿಗೆ ನೀರು ತುಂಬಿದವನು ತಾನೇ ಇರಬೇಕು. ಮುನ್ನೂರ ಹನ್ನೊಂದು ಕಡೆ ತಾನೇ ತುಂಬಿದವನು ಅದೊಂದು ಮನೆಯಲ್ಲಿ ಮಾತ್ರ ಬೇರೆಯವರ ಕೈಗೆ ಯಾಕೆ ಬಿಡುತ್ತಾನೆ? ಬಾಟಲಿಯ ಜೊತೆ ಭರ್ತಿ ಮಾಡಿದ ನಮೂನೆಯ ಕೊನೆಯಲ್ಲಿ ‘ನೀರನ್ನು ನಾನೇ ಖುದ್ದಾಗಿ ತುಂಬಿದ್ದೇನೆ’ ಎಂಬ ಸಾಲಿದೆ. ಅದರ ಕೆಳಗೆ ಸಹಿ ಇದೆ, ಸಹಿ ತನ್ನದೇ. ಆದರೆ ಸಹಿ ನೋಡಿದರೆ ಏನೂ ನೆನಪಾಗುವುದಿಲ್ಲವಲ್ಲ. ಆಳದ ಬೋರ್‌ವೆಲ್ ನೀರು ಬೆಚ್ಚಗಿರುತ್ತದೆ. ಬಾಟಲಿ ತೊಳೆಯುವಾಗ ಬೆರಳ ಸಂದಿಯಲ್ಲಿ ಆ ಬಿಸುಪು ಹರಿಯುತ್ತದೆ. ಆ ಮನೆಯಲ್ಲಿ ಬೆರಳಿಗೆ ಏನು ತಾಗಿತ್ತು?

ಭಾನುವಾರ ಬೆಳಿಗ್ಗೆ ತಿಪ್ಪೇರುದ್ರ ಮಧುಗಿರಿಯ ತನ್ನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಕಿಟಕಿಯ ತುಂಬ ಬೆಟ್ಟದ ಬಂಡೆ. ಊರಿಗೆ ಬಂದು ಎರಡು ವರ್ಷವಾಗಿದ್ದರೂ ಆ ಬಂಡೆಯಷ್ಟು ಪರಿಚಯ ಇಲ್ಲಿನ ಯಾವ ಮನುಷ್ಯರದೂ ಅವನಿಗೆ ಆಗಿರಲಿಲ್ಲ. ತುಮಕೂರಿನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ನೀರಿನ ಮಾದರಿ ತಂದುಕೊಡುವುದು ಅವನ ಕೆಲಸ. ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕುಡಿಯುವ ನೀರಿನಲ್ಲಿ ಯುರೇನಿಯಂ ಎಷ್ಟಿದೆ ಎಂದು ಅಳೆಯುವ ಯೋಜನೆ ಅದು. ಇಲ್ಲಿ ಅಣು ಸ್ಥಾವರವಿಲ್ಲ, ಗಣಿಯಿಲ್ಲ. ಇದು ನೆಲದೊಳಗಿನ ಬಂಡೆಯ ಯುರೇನಿಯಂ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಕಲ್ಲಿನಿಂದ ನೀರಿಗೆ ಕರಗಿ ಬರುತ್ತದೆ. ಬಣ್ಣ, ವಾಸನೆ, ರುಚಿ ಒಂದೂ ಇಲ್ಲ. ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಅದಕ್ಕೆ ಮೊದಲು ಐದು ವರ್ಷ ಅವನು ಒಂದು ಅಣು ವಿದ್ಯುತ್ ಸ್ಥಾವರದ ಪಕ್ಕದ ನದಿಯಲ್ಲಿ ನೀರು ತುಂಬುತ್ತಿದ್ದ. ಗುತ್ತಿಗೆ ಕೆಲಸ. ಸ್ಥಾವರದಿಂದ ಮೇಲಕ್ಕೆ ಒಂದು ಕಡೆ, ಕೆಳಕ್ಕೆ ಮೂರು ಕಡೆ, ತಿಂಗಳಿಗೆ ಎರಡು ಸಲ ದೋಣಿಯಲ್ಲಿ ಹೋಗಿ ತುಂಬಬೇಕು. ಸೀಸಿಯಂ, ಸ್ಟ್ರಾನ್ಷಿಯಂ ಎಂಬ ಹೆಸರುಗಳ ಎದುರು ಐದು ವರ್ಷವೂ ಒಂದೇ ಉತ್ತರ ಬಂತು: ‘ಪತ್ತೆ ಮಟ್ಟಕ್ಕಿಂತ ಕಡಿಮೆ’. ಆದರೂ ದಂಡೆಯ ಜನ ಆ ನೀರಿಗೆ ಕಾಲು ತಾಗಿಸಲು ಹೆದರುತ್ತಿದ್ದರು. ಗುತ್ತಿಗೆ ಮುಗಿದು ತನ್ನ ಸೀಮೆಗೆ ಬಂದ ಮೊದಲ ತಿಂಗಳು ಕೊರಟಗೆರೆ ಹತ್ತಿರ ಜಯಮಂಗಲಿಯ ನೀರು ತುಂಬಬೇಕಿತ್ತು. ನದಿಯಲ್ಲಿ ನೀರೇ ಇರಲಿಲ್ಲ. ಮರಳಿನಲ್ಲಿ ಮೊಣಕಾಲುದ್ದ ತಲಪರಿಗೆ, ಅಂದರೆ ಒರತೆಯ ಗುಂಡಿ, ತೋಡಿ, ಒಸರು ಬರುವ ತನಕ ಕುಕ್ಕರಗಾಲಲ್ಲಿ ಕೂತು, ಲೋಟದಲ್ಲಿ ಮೊಗೆದು ತುಂಬಿದ್ದ. ಆ ಒಂದು ಲೀಟರಿಗೆ ಅರ್ಧ ದಿನ ಹಿಡಿದಿತ್ತು. ಅಷ್ಟು ಹೊತ್ತೂ ಯಾರೂ ಆ ದಾರಿಯಲ್ಲಿ ಬಂದಿರಲಿಲ್ಲ.

ಈಗ ಅಂತಿಮ ವರದಿಗೆ ಪಟ್ಟಿ ಸಿದ್ಧವಾಗಬೇಕಿತ್ತು. ಪಾವಗಡ ನಲವತ್ತು: ಫ್ಲೋರೈಡ್ ಎರಡು ಪಾಯಿಂಟ್ ಒಂಬತ್ತು, ಯುರೇನಿಯಂ ಎಂಬತ್ತನಾಲ್ಕು. ಪಾವಗಡ ನಲವತ್ತೆರಡು: ಫ್ಲೋರೈಡ್ ಎರಡು ಪಾಯಿಂಟ್ ಆರು, ಯುರೇನಿಯಂ ಎಪ್ಪತ್ತೊಂದು. ನಡುವೆ ಪಾವಗಡ ನಲವತ್ತೊಂದು: ಫ್ಲೋರೈಡ್ ಸೊನ್ನೆ ಪಾಯಿಂಟ್ ಎರಡು, ಯುರೇನಿಯಂ ಒಂದು. ಯುರೇನಿಯಂ ಲೀಟರಿಗೆ ಮೂವತ್ತು ಮೈಕ್ರೊಗ್ರಾಂ ಮೀರದಿದ್ದರೆ ಆ ಮನೆಗೆ ಹಸಿರು ಚೀಟಿ, ಮೀರಿದರೆ ಕೆಂಪು ಚೀಟಿ. ನಲವತ್ತೊಂದಕ್ಕೆ ಹಸಿರು ಚೀಟಿ ಹೋಗಿ ನಾಲ್ಕು ತಿಂಗಳಾಗಿತ್ತು. ಆ ಸೀಮೆಯ ಮಕ್ಕಳ ಹಲ್ಲಿನ ಮೇಲೆಲ್ಲ ಫ್ಲೋರೈಡಿನ ಕಂದು ಗೆರೆ. ಸೊನ್ನೆ ಪಾಯಿಂಟ್ ಎರಡು ಫ್ಲೋರೈಡಿನ ಬೋರ್‌ವೆಲ್ ಅಲ್ಲಿಲ್ಲ. ಅಂಥ ನೀರು ಸಿಗುವುದು ಊರ ಮುಂದಿನ ಶುದ್ಧ ನೀರಿನ ಘಟಕದಲ್ಲಿ ಮಾತ್ರ, ನಾಣ್ಯ ಹಾಕಿ ಕ್ಯಾನಿಗೆ ಹಿಡಿಯುವ ನೀರು. ಜನ ಅದನ್ನು ಫಿಲ್ಟರ್ ನೀರು ಎನ್ನುತ್ತಾರೆ.

ಆಗ ಆ ದಿನ ಒಂದೊಂದಾಗಿ ನೆನಪಾಯಿತು.

ಕಳೆದ ಆಗಸ್ಟ್. ತಿರುಮಣಿ ದಾಟಿ, ಸೋಲಾರ್ ಪಾರ್ಕಿನ ಬೇಲಿಯ ಗುಂಟ ಹೋದರೆ ಸಿಗುವ ಸಣ್ಣ ಹಟ್ಟಿ. ಬೋರ್‌ವೆಲ್ ಲಕ್ಷ್ಮಕ್ಕ ಎಂಬುವರದು. ಗಂಡ ಪಾಲಪ್ಪ ಪಾರ್ಕಿನಲ್ಲಿ ಕಾವಲುಗಾರ. ತಿಪ್ಪೇರುದ್ರ ಹೋದಾಗ ತ್ರೀ ಫೇಸ್ ಕರೆಂಟ್ ಇರಲಿಲ್ಲ. ನಿಯಮದ ಪ್ರಕಾರ ಕರೆಂಟ್ ಬರುವ ತನಕ ಕಾದು, ಮೋಟರ್ ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ತೊಳೆದು ತುಂಬಬೇಕು. ಕಾಯುವುದಕ್ಕೆಂದೇ ಕೂತಿದ್ದ. ಎರಡು ಬಾಟಲಿ ಜಗಲಿಯ ಮೇಲಿಟ್ಟು, ದನದ ತೊಟ್ಟಿಯ ನೀರಿಗೆ ಮೀಟರ್ ಅದ್ದಿ ಲವಣದ ಅಂಶ ಬರೆದುಕೊಂಡಿದ್ದ. ಅಷ್ಟರಲ್ಲಿ ಫೋನ್ ಬಂತು.

ಸ್ಥಾವರದ ಪ್ರಯೋಗಾಲಯದಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಚೈತ್ರಳ ಫೋನು. ಹಳೆ ಬಾಟಲಿಗಳ ಬೀರುವಿನ ಕೀಲಿ ಎಲ್ಲಿದೆ ಎಂದು ಕೇಳಿದಳು, ಅಷ್ಟೇ. ಗೋಡೆಯ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿದೆ ಎಂದು ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಸಿಗ್ನಲ್ ಸಿಗಲೆಂದು ಅವನು ಹೊಲದ ಬದುವಿನ ತನಕ ನಡೆದುಹೋದ. ನದಿ ಹೇಗಿದೆ ಎಂದು ಕೇಳಿದ. ದೋಣಿ ರಿಪೇರಿ ಆಯಿತಾ ಎಂದು ಕೇಳಿದ. ಕ್ಯಾಂಟೀನಿನ ಅಡಿಗೆಯವನನ್ನು ವಿಚಾರಿಸಿದ. ಅವಳು ‘ಹ್ಞೂಂ, ಹ್ಞೂಂ’ ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿಗೆ ಅವನಿಗೆ ಸಿಕ್ಕ ಕಿವಿ ಅದೊಂದೇ. ಇಪ್ಪತ್ತು ನಿಮಿಷ ಹಿಡಿದಿಟ್ಟ. ಕೊನೆಗೆ ಅವಳೇ, “ಸರಿ, ಕೀಲಿ ಸಿಕ್ತು” ಎಂದು ಇಟ್ಟಳು.

ವಾಪಸು ಬಂದಾಗ ಎರಡೂ ಬಾಟಲಿ ಕತ್ತಿನ ತನಕ ತುಂಬಿ, ಮೇಲೆಲ್ಲ ಒರೆಸಿ, ಜಗಲಿಯ ಮೇಲೆ ಕೂತಿದ್ದವು. ಡ್ರಮ್ಮಿನಲ್ಲಿ ಹಿಡಿದಿಟ್ಟ ಬೋರ್ ನೀರನ್ನು ಲಕ್ಷ್ಮಕ್ಕ ತುಂಬಿರಬೇಕು ಎಂದುಕೊಂಡ. ಚೆಲ್ಲಿ ಮತ್ತೆ ಕಾಯಬೇಕಿತ್ತು. ಚೆಲ್ಲಲಿಲ್ಲ. ಸಹಿ ಮಾಡಿದ.

ಅವನು ಲ್ಯಾಪ್‌ಟಾಪ್ ಮುಚ್ಚಿದ. ಪ್ರಯೋಗಾಲಯದ ಮುಖ್ಯಸ್ಥೆ ಶ್ರೀಲತಾ ಮೇಡಂ ಮೊದಲ ದಿನವೇ ಹೇಳಿದ್ದರು: ಅವನಿಗಿಂತ ಹಿಂದಿದ್ದವನು ಹನ್ನೆರಡು ಹಳ್ಳಿಯ ಬಾಟಲಿಗಳನ್ನು ಶಿರಾದ ಒಂದೇ ಲಾಡ್ಜಿನ ನಲ್ಲಿಯಲ್ಲಿ ತುಂಬಿ ಸಿಕ್ಕಿಬಿದ್ದಿದ್ದ. ಅವನು ತಂದಿದ್ದ ಅಷ್ಟೂ ಬಾಟಲಿಗಳನ್ನು ಮೋರಿಗೆ ಸುರಿದರು. “ಒಂದು ಸುಳ್ಳಾದ್ರೆ ಉಳಿದಿದ್ದನ್ನ ನಾನು ಯಾವ ಮುಖ ಇಟ್ಕೊಂಡು ನಂಬಲಿ?” ಎಂದಿದ್ದರು. ಇವನ ಗುತ್ತಿಗೆ ಮೇ ತಿಂಗಳಿಗೆ ಮುಗಿಯುವುದಿತ್ತು. ಎರಡನೇ ಹಂತಕ್ಕೆ ಮುಂದುವರಿಸುವಂತೆ ಮೇಡಂ ಆಗಲೇ ಪತ್ರ ಬರೆದಿದ್ದರು.

ಎರಡು ಹೊಸ ಬಾಟಲಿ ಚೀಲಕ್ಕೆ ಹಾಕಿ ಬೈಕ್ ಹತ್ತಿದ.

ಏಪ್ರಿಲ್ ಬಿಸಿಲು. ಪಾವಗಡ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಸೋಲಾರ್ ಫಲಕಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ಕೆಲಸ ಮಾಡುವವರು ಯಾರೂ ಕಾಣಿಸಲಿಲ್ಲ.

ಹಟ್ಟಿಯಲ್ಲಿ ಅವನ ಬೈಕಿನ ಸದ್ದಿಗೆ ಮೊದಲು ಹೊರಬಂದವನು ಪಾಲಪ್ಪ. ಕಾವಲುಗಾರರ ನೀಲಿ ಅಂಗಿ, ಕೆಳಗೆ ಪಂಚೆ.

“ಲೇ ಲಕ್ಷ್ಮೀ, ನೀರಿನ್ ಸಾರ್ ಬಂದವ್ರೆ ನೋಡು! ಬನ್ನಿ ಸಾರ್, ಬನ್ನಿ. ಏನ್ ಮತ್ತೆ, ನಮ್ ಬೋರಲ್ಲಿ ಯುರೇನಿಯಂ ಸಿಕ್ತಾ?”

“ಸಿಕ್ಕಿದ್ರೆ ಏನ್ ಮಾಡ್ತೀರಾ?”

“ಅಯ್ಯೋ, ಇಲ್ಲಿ ಬಿಸ್ಲಿಗೇ ಬಾಡ್ಗೆ ಕೊಡ್ತಾವ್ರೆ. ನೀರಿಗೂ ಕೊಡ್ತಾರೇನೋ ಅಂತ!” ಪಾಲಪ್ಪ ತನ್ನ ಮಾತಿಗೆ ತಾನೇ ನಕ್ಕ.

ಲಕ್ಷ್ಮಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. “ಸುಮ್ಕಿರು, ಬಂದೋರ್ನ ಕೂರ್ಸೋದ್ ಬುಟ್ಟು ಬಾಡ್ಗೆ ಕೇಳ್ತಾನೆ. ಕೂಕೊಳ್ಳಿ ನಾಯನಾ. ಸೊರಗಿದ್ದೀರಲ್ಲಾ, ಯಾರೂ ಅಡ್ಗೆ ಮಾಡಾಕೋರಿಲ್ವಾ?”

ಅವನು ನಕ್ಕು ಜಗಲಿಯ ಮೇಲೆ ಕೂತ. ಬಾಗಿಲ ಒಳಗೆ ಗೋಡೆಯ ಮೇಲೆ, ದೇವರ ಪಟದ ಪಕ್ಕ, ಹಸಿರು ಚೀಟಿ ಅಂಟಿಸಿದ್ದರು. ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಿದ್ದರು.

ಒಬ್ಬ ಹೆಂಗಸು ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಹಿತ್ತಲಿನಿಂದ ಬಂದಳು. ಲಕ್ಷ್ಮಕ್ಕನ ವಾರಗಿತ್ತಿ ವನಜಾ, ಪಕ್ಕದ ಮನೆಯವಳು. ಫೆಬ್ರವರಿಯಲ್ಲಿ ಅವರೂ ಹೊಲಕ್ಕೆಂದು ಹತ್ತಿರದಲ್ಲೇ ಒಂದು ಬೋರ್ ಕೊರೆಸಿದ್ದರಂತೆ, ಎಂಟುನೂರು ಅಡಿ ಆಳ. ಆದರೆ ಕುಡಿಯಲು ಲಕ್ಷ್ಮಕ್ಕನ ನೀರೇ.

“ನಮ್ಮದಕ್ಕೆ ಚೀಟಿ ಇಲ್ವಲ್ಲಾ ಸಾರ್,” ಎಂದಳು ವನಜಾ. “ಸೊಸೆ ಬಸ್ರಿ. ಆಸ್ಪತ್ರೇಲಿ ಒಳ್ಳೆ ನೀರ್ ಕುಡೀಬೇಕು ಅಂದ್ರು. ಅಕ್ಕ ನಮ್ ಬೋರ್ ನೀರೇ ತಗೊಂಡೋಗು, ಸರ್ಕಾರದೋರೇ ಚೆನ್ನಾಗೈತೆ ಅಂತ ಬರ್ದವ್ರೆ ಅಂದ್ಲು. ನಾಲ್ಕ್ ತಿಂಗ್ಳಿಂದ ಇದೇ ನೀರು.”

“ತಗೊಂಡೋಗೇ, ನಿನ್ ಮೊಮ್ಮಗ ನಮ್ ನೀರ್ ಕುಡ್ದೇ ಹುಟ್ಲಿ. ನಾಳೆ ನಂಗೂ ಒಂದ್ ಪಾಲು ಕೊಡ್ಬೇಕು ಅಷ್ಟೇ,” ಎಂದರು ಲಕ್ಷ್ಮಕ್ಕ. ಇಬ್ಬರೂ ನಕ್ಕರು.

ತಿಪ್ಪೇರುದ್ರ ಚೀಲದಿಂದ ಬಾಟಲಿಗಳನ್ನು ತೆಗೆದ. ಲಕ್ಷ್ಮಕ್ಕ ಕೈ ಚಾಚಿದರು.

“ಕೊಡಿ ಇಲ್ಲಿ, ದಾರೀಗ್ ಕುಡ್ಯಾಕೆ ತುಂಬ್ಕೊಡ್ತೀನಿ. ಹೋದ್ಸಲನೂ ನೀವ್ ಫೋನಲ್ಲಿದ್ರಿ, ಪಾಪ ದೂರದಿಂದ ಬಂದವ್ರೆ, ಬಾಟ್ಲಿ ಖಾಲಿ ಐತಲ್ಲಾ ಅಂತ ಎರಡಕ್ಕೂ ಫಿಲ್ಟರ್ ನೀರ್ ತುಂಬಿಟ್ಟಿದ್ದೆ. ಮನೇಗ್ ಬಂದೋರಿಗೆ ಬೋರ್ ನೀರ್ ಕೊಡಕಾಯ್ತದಾ? ಆಗಿನ್ನೂ ನಮ್ ನೀರು ಇಷ್ಟ್ ಒಳ್ಳೇದು ಅಂತ ಗೊತ್ತಿರ್ಲಿಲ್ಲ ಕಣಪ್ಪ.”

ಅವನ ಕೈ ಅಲ್ಲೇ ನಿಂತಿತು.

“ಈಗ ಫಿಲ್ಟರ್ ನೀರ್ ತರೋದೇ ಬುಟ್ಬುಟ್ವಿ ಸಾರ್,” ಪಾಲಪ್ಪ ಸೇರಿಸಿದ. “ನೀವು ಅವತ್ತು ತೊಟ್ಟೀಗೆ ಕಡ್ಡಿ ಅದ್ದಿ ನೋಡ್ದಾಗ್ಲೇ ನಾನಂದೆ ಇವಳ್ಗೆ, ನೋಡ್ತಾ ಇರು, ಪಾಸಾಗ್ತದೆ ಅಂತ.”

ಹಾಗಾದರೆ ಬಾಟಲಿಗಳು ಪರೀಕ್ಷೆಗೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಪರೀಕ್ಷೆ ಎಂದರೆ ತೊಟ್ಟಿಗೆ ಅದ್ದಿದ ಮೀಟರು. ಬಾಟಲಿ ಬರೀ ಬಾಯಾರಿಕೆಗೆ. ಮನೆಯಲ್ಲಿದ್ದುದರಲ್ಲಿ ಒಳ್ಳೆಯದನ್ನು ಕೊಟ್ಟಿದ್ದರು.

ಹೇಳಬೇಕು ಎಂದು ಬಾಯಿ ತೆರೆದ. “ಅಕ್ಕಾ, ಅದು...” ಎಂದ. ಮೂವರೂ ಅವನ ಮುಖ ನೋಡಿದರು. ವನಜಾಳ ಬಿಂದಿಗೆಯಿಂದ ನೀರು ತುಳುಕಿ ಸೀರೆ ಒದ್ದೆಯಾಗಿತ್ತು.

“ಇದು ಕುಡಿಯೋಕಲ್ಲ. ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕು. ಬೇಸಿಗೇಲೂ ಒಂದ್ಸಲ ನೋಡ್ತೀವಿ,” ಎಂದ. “ಅಲ್ಲಿವರೆಗೂ ಕುಡಿಯೋಕೆ ಫಿಲ್ಟರ್ ನೀರೇ ತನ್ನಿ. ವನಜಕ್ಕಾ, ನೀವೂನೂ. ಸೊಸೆಗಂತೂ ಇದನ್ನ ಕೊಡ್ಲೇಬೇಡಿ.”

“ಯಾಕ್ ಸಾರ್?” ವನಜಾಳ ನಗು ಹೋಯಿತು.

“ಬೇಸಿಗೇಲಿ ನೀರು ಕೆಳಗೆ ಹೋಗಿರುತ್ತೆ. ಅದಕ್ಕೆ.”

ಆ ದಿನ ಕರೆಂಟ್ ಇತ್ತು. ಮೋಟರ್ ಹತ್ತು ನಿಮಿಷ ಓಡಿತು. ಬಾಟಲಿಗಳನ್ನು ಅವನೇ ಮೂರು ಸಲ ತೊಳೆದ. ನೀರು ಬೆಚ್ಚಗಿತ್ತು.

ಯುರೇನಿಯಂ ನೂರ ಹದಿನೆಂಟು ಬಂತು. ಫ್ಲೋರೈಡ್ ಮೂರು.

ತುಮಕೂರಿನಲ್ಲಿ ಶ್ರೀಲತಾ ಮೇಡಂ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಮೇಲೇರಿಸಿದರು. ಫ್ಯಾನು ಕಿರುಗುಡುತ್ತಿತ್ತು.

“ಒಂದರಿಂದ ನೂರ ಹದಿನೆಂಟಾ? ಇಷ್ಟು ವ್ಯತ್ಯಾಸ ನಾನು ನೋಡಿಲ್ಲ ತಿಪ್ಪೇರುದ್ರ. ಆಗಸ್ಟಲ್ಲಿ ಮಳೆ ಚೆನ್ನಾಗಿ ಬಿದ್ದಿತ್ತಾ ಅಲ್ಲಿ?”

“ಬಿದ್ದಿತ್ತು ಮೇಡಂ.”

“ಹತ್ತಿರ ಹೊಸ ಬೋರ್ ಏನಾದ್ರೂ?”

ಅವನು ಹಾಳೆಗಳ ಕಡೆ ನೋಡಿದ. “ಇದೆ. ಫೆಬ್ರವರೀಲಿ ಕೊರೆಸಿದ್ದಾರೆ. ನಲವತ್ತು ಅಡಿ ದೂರ.”

“ಹ್ಞಾಂ.” ಅವರು ಪೆನ್ನು ತೆಗೆದುಕೊಂಡು ಪಟ್ಟಿಯ ಅಂಚಿನಲ್ಲಿ ಬರೆದರು. “ಋತುಮಾನ, ಇಲ್ಲಾ ಹೊಸ ಬೋರ್‌ನ ಪರಿಣಾಮ ಇರ್ಬಹುದು. ಆದ್ರೆ ನೀವೇ ಅನುಮಾನ ಪಟ್ಟು ಭಾನುವಾರ ಹೋಗಿ ಮತ್ತೆ ತಂದ್ರಲ್ಲ, ಅದಕ್ಕೆ ಮೆಚ್ಚಿದೆ. ಎಷ್ಟು ಜನ ಹಾಗೆ ಮಾಡ್ತಾರೆ?”

ಅವರ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಅಂಥ ಮಾತನ್ನು ಯಾರಾದರೂ ತನಗೆ ಆಡಲಿ ಎಂದು ಅವನು ಎಷ್ಟೋ ವರ್ಷದಿಂದ ಕಾದಿದ್ದ. ಈಗ ಬಂದದ್ದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ಒಮ್ಮೆ ತಿರುಗಿಸಿ ಇಟ್ಟು, ಕೆಂಪು ಚೀಟಿ ತೆಗೆದುಕೊಂಡು ಹೊರಟ.

ಹಟ್ಟಿಗೆ ಅವನು ತಲುಪಿದಾಗ ಲಕ್ಷ್ಮಕ್ಕ ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಿದ್ದರು. ಚೀಟಿಯ ಬಣ್ಣ ನೋಡಿಯೇ ಕೈ ನಿಲ್ಲಿಸಿದರು. ಅವನು ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದ: ಈ ನೀರು ಕುಡಿಯಬೇಡಿ, ಅಡಿಗೆಗೂ ಬೇಡ. ಸ್ನಾನ, ಬಟ್ಟೆ ಒಗೆಯಲು ತೊಂದರೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ. ಫಿಲ್ಟರ್ ನೀರಿನಲ್ಲಿ ಇದು ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಪಾವಗಡದ ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ವನಜಾಳ ಸೊಸೆಗೂ ಮಾಡಿಸಿ, ವೈದ್ಯರಿಗೆ ಈ ಚೀಟಿ ತೋರಿಸಿ.

ಗೋಡೆಯಾಚೆಯಿಂದ ಕೇಳಿಸಿಕೊಂಡ ವನಜಾ ಬಂದು ಅಂಗಳದಲ್ಲಿ ನಿಂತಿದ್ದಳು.

“ಅಂದ್ರೆ ನಾಲ್ಕ್ ತಿಂಗ್ಳು ನನ್ ಸೊಸೆಗೆ ಇದ್ನೇ ಕುಡಿಸ್ದೇನಕ್ಕಾ?”

“ಲೇ, ಅವಾಗ ಚೆನ್ನಾಗಿತ್ತು ಕಣೇ! ಗೋಡೆ ಮ್ಯಾಲೆ ಚೀಟಿ ಐತೆ, ಬೇಕಾದ್ರೆ ಓದ್ಸು.”

“ಚೆನ್ನಾಗಿದ್ದ ನೀರು ಅದ್ಯಾವಾಗ ಕೆಡ್ತು? ನೆನ್ನೆ ರಾತ್ರೀನಾ?”

ಲಕ್ಷ್ಮಕ್ಕ ಎದ್ದು ನಿಂತರು. ಮಡಿಲಲ್ಲಿದ್ದ ಶೇಂಗಾ ನೆಲಕ್ಕೆ ಚೆಲ್ಲಿತು. “ನೀವು ಬೋರ್ ಕೊರೆಸಿದ್ ಮ್ಯಾಲೆ! ನಾನ್ ಬಾಯ್ಬುಟ್ಟು ಅಂದಿರ್ಲಿಲ್ಲ. ನಲವತ್ತಡಿ ಬುಟ್ಟು ಎಂಟ್ನೂರಡಿ ತೂತು ಹೊಡುದ್ರಿ. ಕೆಳಗಿನ ಕೆಟ್ಟ ನೀರೆಲ್ಲಾ ನಮ್ಮ ಸೆಲೆಗೆ ನುಗ್ತು. ಒಳ್ಳೇ ನೀರ್ನ ಕೆಡ್ಸಿದ್ದೂ ನೀವೇ, ಇವತ್ ಬಂದು ನನ್ನೇ ಕೇಳೋದೂ ನೀವೇ!”

“ನನ್ ಮೊಮ್ಮಗೂಗೆ ವಿಷ ಹಾಕ್ಬುಟ್ಟು ಬೋರ್ ಮ್ಯಾಲೆ ಹಾಕ್ತೀಯಾ?”

“ವಿಷ ಅಂದ್ಯಾ? ನಾನು? ಬಿಂದಿಗೆಗೆ ಅರಿಶಿಣ ಹಚ್ಚಿ ಕೊಟ್ಟಿದ್ದೆ ಕಣೇ ಮೊದಲ್ನೇ ದಿವ್ಸ!” ಲಕ್ಷ್ಮಕ್ಕನ ದನಿ ಒಡೆಯಿತು. ಅವರು ತಿಪ್ಪೇರುದ್ರನ ಕಡೆ ತಿರುಗಿದರು. “ನೀವೇ ಹೇಳಿ ನಾಯನಾ, ನೀವು ಓದ್ದೋರು, ಸುಳ್ಳು ಹೇಳಲ್ಲ. ಅವತ್ತು ನಮ್ ನೀರು ಚೆನ್ನಾಗಿತ್ತೋ ಇಲ್ವೋ?”

ಇಬ್ಬರು ಹೆಂಗಸರೂ ಕಾದರು. ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ಈ ಅಂಗಳದಲ್ಲಿ ಬೈಸಿಕೊಳ್ಳುವವನು ತಾನೊಬ್ಬನೇ, ಇವರಿಬ್ಬರೂ ಸಂಜೆಗೆ ಒಂದಾಗಿರುತ್ತಾರೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಡಂ ಬರೆದ ಟಿಪ್ಪಣಿ, ಮೋರಿಗೆ ಸುರಿಯುವ ಮುನ್ನೂರ ಹನ್ನೆರಡು ಕಡೆಯ ಬಾಟಲಿಗಳು, ಮತ್ತೆ ಯಾವುದೋ ಊರಿನ ಮತ್ತೊಂದು ಕೋಣೆ, ಇವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿದ್ದವು.

“ಚೀಟೀಲಿ ಹಾಗೇ ಬಂದಿತ್ತು ಅಕ್ಕಾ,” ಎಂದ.

“ಕೇಳಿಸ್ಕೊಂಡ್ಯಾ?” ಎಂದರು ಲಕ್ಷ್ಮಕ್ಕ.

ವನಜಾ ತನ್ನ ಮನೆಗೆ ಹೋದಳು. ಲಕ್ಷ್ಮಕ್ಕ ಚೆಲ್ಲಿದ ಶೇಂಗಾವನ್ನು ಒಂದೊಂದಾಗಿ ಆಯತೊಡಗಿದರು. ಅವನೂ ಬಗ್ಗಿ ನಾಲ್ಕು ಆಯ್ದು ಮೊರಕ್ಕೆ ಹಾಕಿದ. “ಬುಡಿ ಸಾರ್, ನೀವ್ಯಾಕೆ,” ಎಂದರು ಅವರು. ಹೋಗುವಾಗ ಊಟ ಮಾಡಿಕೊಂಡು ಹೋಗಿ ಎಂದು ಕರೆದರು. ಅವನು ಒಲ್ಲೆ ಎಂದ.

ಜುಲೈನಲ್ಲಿ ಪಾಲಪ್ಪ ಫೋನ್ ಮಾಡಿದ. ರಕ್ತ ಪರೀಕ್ಷೆಯಲ್ಲಿ ಯಾರಿಗೂ ಏನೂ ತೊಂದರೆ ಕಾಣಲಿಲ್ಲವಂತೆ. ವನಜಾಳ ಸೊಸೆಗೆ ಹೆಣ್ಣು ಮಗು, ಗಟ್ಟಿಮುಟ್ಟಾಗಿದೆ. “ಇವಳು ತೊಟ್ಲಿಗ್ ಹಾಕೋ ದಿವ್ಸ ಹೋಗ್ಲಿಲ್ಲ ಸಾರ್. ಅವರೂ ಕರೀಲಿಲ್ಲ. ನಡುವೆ ನನ್ ತಮ್ಮ ತಂತಿ ಬೇಲಿ ಹಾಕ್ಸವ್ನೆ. ಮೂವತ್ತು ವರ್ಷ ಒಂದೇ ಒಲೇಲಿ ಉಂಡೋರು ಸಾರ್ ಇಬ್ರೂ. ಅವರ ಬೋರ್ ಮುಚ್ಚಿಸಿದ್ರೆ ನಮ್ ನೀರು ಮೊದಲಿನಂಗೆ ಆಯ್ತದಾ ಅಂತ ಕೇಳು ಅಂದ್ಲು. ಆಯ್ತದಾ?”

“ಇಲ್ಲ, ಮುಚ್ಚಿಸ್ಬೇಡಿ. ಅದರಿಂದ ಏನೂ ಆಗಲ್ಲ,” ಎಂದ ತಿಪ್ಪೇರುದ್ರ.

“ಯಾಕ್ ಆಗಲ್ಲ ಸಾರ್?”

“ಆಗಲ್ಲ, ಅಷ್ಟೇ.”

“ಆಯ್ತು ಬುಡಿ ಸಾರ್,” ಎಂದ ಪಾಲಪ್ಪ. ಆಮೇಲೆ ಫೋನ್ ಕಟ್ಟಾಯಿತು.

ಎರಡನೇ ಹಂತದ ಕೆಲಸ ಆಗಲೇ ಶುರುವಾಗಿತ್ತು. ಗುತ್ತಿಗೆ ಇನ್ನೆರಡು ವರ್ಷಕ್ಕೆ ಮುಂದುವರಿದಿತ್ತು. ಶಿರಾ, ಕೊರಟಗೆರೆ, ಮತ್ತೆ ಪಾವಗಡ. ಎಲ್ಲ ಕಡೆ ಅವನು ಕರೆಂಟ್ ಬರುವ ತನಕ ಕಾಯುತ್ತಿದ್ದ, ಫೋನನ್ನು ಬೈಕಿನ ಡಬ್ಬಿಯಲ್ಲಿಡುತ್ತಿದ್ದ, ಬಾಟಲಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಲಕ್ಷ್ಮಕ್ಕನ ಬೋರ್‌ವೆಲ್ ನೀರು ಮೊದಲಿನಿಂದಲೂ ಹಾಗೇ ಇತ್ತು, ವನಜಾಳ ಬೋರ್‌ವೆಲ್ ಅದನ್ನು ಕೆಡಿಸಲಿಲ್ಲ, ಅವತ್ತು ಬಾಟಲಿ ತುಂಬಿದವನು ತಾನಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.